ಬುದ್ಧಿಹಲ್ಲು ಬುಟ್ಟಿಗೆ ಬೀಳುವ ಮುನ್ನ

ಎರಡನೇ ಸೆಮಿಸ್ಟರ್ ಪರೀಕ್ಷೆ ಮುಗಿದ ಮರುದಿನ ನನ್ನ ಎರಡು ಹಲ್ಲುಗಳು ಸ್ಟೀಲ್ ತಟ್ಟೆಯಲ್ಲಿ ಅಕ್ಕಪಕ್ಕ ಬಿದ್ದಿದ್ದವು. ಒಂದು ಕೆಳಗಿನ ದವಡೆಹಲ್ಲು. ಹುಳುಕು ಹಿಡಿದು ಮೇಲ್ಭಾಗವೆಲ್ಲ ಹೋಗಿ ಬೇರೂ ಸೀಳಿತ್ತು. ಇನ್ನೊಂದು ಮೇಲಿನ ಬುದ್ಧಿಹಲ್ಲು. ಅದರ ಮೇಲೆ ಒಂದು ಕಪ್ಪು ಚುಕ್ಕೆಯೂ ಇರಲಿಲ್ಲ. "ಇದೂ ಸೊಟ್ಟಗೆ ಬರ್ತಿದೆ, ಮುಂದೆ ತೊಂದರೆ ಕೊಡುತ್ತೆ. ಒಟ್ಟಿಗೇ ತೆಗೆದುಬಿಡೋಣ ಕಣಮ್ಮ" ಎಂದಿದ್ದರು ಡಾಕ್ಟರು. ಮರಗಟ್ಟಿದ್ದ ಬಾಯಲ್ಲೇ ನಾನು "ಹೂಂ" ಎಂದಿದ್ದೆ. ಎರಡೂ ಒಂದೇ ಬುಟ್ಟಿ ಸೇರಿದವು.

ಒಂದು ವರ್ಷ ಕಳೆದ ಮೇಲೆ ಗೊತ್ತಾಯಿತು, ಆ ಎರಡನೇ ಹಲ್ಲನ್ನು ಮೊದಲನೆಯದರ ಜಾಗದಲ್ಲಿ ನೆಡಬಹುದಾಗಿತ್ತು ಎಂದು. ಸ್ವಂತ ಹಲ್ಲು, ಸ್ವಂತ ಬಾಯಿ. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ. ಹೊಲದಲ್ಲಿ ಒಟ್ಟಲಿನಿಂದ ಪೈರು ಕಿತ್ತು ಗದ್ದೆಗೆ ನಾಟಿ ಹಾಕುವ ನಮ್ಮೂರಿನವರಿಗೆ ಇದನ್ನು ವಿವರಿಸುವುದೇನೂ ಕಷ್ಟವಿಲ್ಲ. ಪೈರಿನ ಬೇರು ಒಣಗಬಾರದು, ಗದ್ದೆ ಮೊದಲೇ ಹದವಾಗಿರಬೇಕು. ಹಲ್ಲಿನ ವಿಷಯದಲ್ಲೂ ನಿಯಮ ಇಷ್ಟೇ.

ನನ್ನ ಹಲ್ಲು ತೆಗೆದ ಡಾಕ್ಟರನ್ನು ದೂರಲು ಇದನ್ನು ಬರೆಯುತ್ತಿಲ್ಲ. ಅವರು ನೋವು ತೆಗೆದರು, ನಾನು ಕೇಳಲಿಲ್ಲ, ಕೇಳಬೇಕೆಂದು ನನಗೆ ಗೊತ್ತೂ ಇರಲಿಲ್ಲ. ಆದರೆ ಕಳೆದ ಬೇಸಿಗೆಯಲ್ಲಿ ನಾಗಮಂಗಲ ತಾಲ್ಲೂಕಿನ ಹಳ್ಳಿಯಲ್ಲಿರುವ ನನ್ನ ಚಿಕ್ಕಪ್ಪನ ಮಗಳಿಗೆ ಅದೇ ಹಲ್ಲು, ಅದೇ ಗತಿ ಬಂದಾಗ ನಾನು ಸುಮ್ಮನಿರಲಿಲ್ಲ. ಅವಳಿಗೆ ಹದಿನೇಳು, ದ್ವಿತೀಯ ಪಿಯುಸಿ. ಮೈಸೂರಿನ ಡಾಕ್ಟರ ಹತ್ತಿರ ತೋರಿಸೋಣ ಎಂದು ಹಟ ಹಿಡಿದೆ. ಚಿಕ್ಕಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಒಂದ್ ಹಲ್ಗೆ ಯಾಕವ್ವ ಇಷ್ಟೊಂದ್ ಸರ್ಕಸ್ಸು? ಕೀಳ್ಸಾಕುದ್ರೆ ಆಯ್ತದೆ. ನಮ್ಮವ್ವಂಗೆ ಒಂದ್ ಹಲ್ಲೂ ಇರ್ನಿಲ್ಲ, ಮುದ್ದೆ ನುಂಗ್ಕಂಡು ಎಂಬತ್ತೊರ್ಸ ಬದುಕ್ನಿಲ್ವಾ?" ಎಂದರು.

ಅಜ್ಜಿಯ ವಾದಕ್ಕೆ ಉತ್ತರ ಕೊಡುವುದು ಸುಲಭವಲ್ಲ. ಮುದ್ದೆಗೆ ನಿಜವಾಗಿಯೂ ಹಲ್ಲು ಬೇಡ. ಆದರೆ ಹದಿನೇಳರ ಹುಡುಗಿಯ ಮುಂದೆ ಇನ್ನೂ ಅರವತ್ತು ವರ್ಷಗಳ ಊಟವಿದೆ. ಆ ದವಡೆಹಲ್ಲು ಬಾಯಲ್ಲಿ ಹುಟ್ಟುವುದು ಆರನೇ ವರ್ಷದ ಸುಮಾರಿಗೆ, ಹಾಲುಹಲ್ಲುಗಳ ಹಿಂದೆ, ಯಾವುದೇ ಹಲ್ಲು ಉದುರದೆ. ಹಾಗಾಗಿ ಮನೆಯವರು ಅದನ್ನೂ ಹಾಲುಹಲ್ಲೇ ಎಂದುಕೊಳ್ಳುತ್ತಾರೆ, ಬಿದ್ದು ಬೇರೆ ಬರುತ್ತದೆ ಎಂದು ಬಿಟ್ಟುಬಿಡುತ್ತಾರೆ. ಶಾಶ್ವತ ಹಲ್ಲುಗಳಲ್ಲಿ ಹೆಚ್ಚಾಗಿ ಮೊದಲು ಹಾಳಾಗುವುದು ಅದೇ. ಕಿತ್ತು ಖಾಲಿ ಬಿಟ್ಟರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲುತ್ತದೆ, ಎದುರಿನ ಹಲ್ಲು ಇಳಿದು ಬರುತ್ತದೆ. ನನ್ನ ಬಾಯಲ್ಲಿ ಈಗ ಅದೇ ನಡೆಯುತ್ತಿದೆ. ಕನ್ನಡಿಯಲ್ಲಿ ನೋಡಿಕೊಂಡರೆ ಕಾಣುತ್ತದೆ.

ಬೇರೆ ದಾರಿಗಳಿಲ್ಲವೇ? ಇವೆ. ಬ್ರಿಡ್ಜ್ ಹಾಕಿಸಿದರೆ ಅಕ್ಕಪಕ್ಕದ ಎರಡು ಒಳ್ಳೆಯ ಹಲ್ಲುಗಳನ್ನು ಉಜ್ಜಿ ಸಣ್ಣದು ಮಾಡಬೇಕು. ಇಂಪ್ಲಾಂಟ್‌ಗೆ ಹತ್ತಾರು ಸಾವಿರ ಬೇಕು, ಅದೂ ದವಡೆಯ ಬೆಳವಣಿಗೆ ಮುಗಿಯುವ ತನಕ ಕಾಯಬೇಕು. ಏಕೆಂದರೆ ಟೈಟಾನಿಯಂ ತಿರುಪು ಮೂಳೆಗೆ ನೇರವಾಗಿ ಬೆಸೆದುಕೊಳ್ಳುತ್ತದೆ. ಸುತ್ತಲಿನ ಹಲ್ಲುಗಳು ಮೇಲೇಳುತ್ತಿದ್ದರೂ ಅದು ಇದ್ದಲ್ಲೇ ಇರುತ್ತದೆ. ಸ್ವಂತ ಹಲ್ಲಾದರೆ ಬೇರಿನ ಸುತ್ತಲಿನ ಜೀವಂತ ಪೊರೆಯ ಜೊತೆಗೇ ಬರುತ್ತದೆ. ಅದು ದವಡೆಯೊಂದಿಗೆ ಬೆಳೆಯಬಲ್ಲದು, ಬೇಕಾದರೆ ಮುಂದೆ ಕ್ಲಿಪ್ ಹಾಕಿ ಸರಿಸಲೂಬಹುದು.

ಆ ಪೊರೆಯೇ ಇಡೀ ಕತೆಯ ನಾಯಕಿ. ಪೆರಿಯೊಡಾಂಟಲ್ ಲಿಗಮೆಂಟ್ ಎನ್ನುವ ಅದರ ದಪ್ಪ ಸುಮಾರು 0.2 ಮಿಲಿಮೀಟರ್. ಹಲ್ಲು ಹೊರಬಂದ ಕ್ಷಣದಿಂದ ಅದರ ಜೀವಕೋಶಗಳು ಒಣಗತೊಡಗುತ್ತವೆ. ಒಂದು ಗಂಟೆ ಒಣಗಲು ಬಿಟ್ಟರೆ ಅವು ಉಳಿಯುವುದಿಲ್ಲ ಎಂದೇ ಲೆಕ್ಕ. ಪೊರೆ ಸತ್ತ ಹಲ್ಲನ್ನು ದೇಹ ಕರಗಿಸಲು ಶುರುಮಾಡುತ್ತದೆ, ಇಲ್ಲವೇ ಹಲ್ಲು ಮೂಳೆಗೆ ಅಂಟಿಕೊಂಡುಬಿಡುತ್ತದೆ. ಹಳೆಯ ಪದ್ಧತಿಯಲ್ಲಿ ಕಷ್ಟ ಇರುವುದು ಇಲ್ಲಿಯೇ. ಹೊಸ ಗುಳಿ ಎಷ್ಟು ಅಗಲ, ಎಷ್ಟು ಆಳ ಬೇಕೆಂದು ತಿಳಿಯಲು ಕಿತ್ತ ಹಲ್ಲನ್ನೇ ಇಟ್ಟು ನೋಡಬೇಕು. ಕೂರಲಿಲ್ಲ ಅಂದರೆ ತೆಗೆ, ಇನ್ನಷ್ಟು ಕೊರೆ, ಮತ್ತೆ ಇಡು. ಪ್ರತಿ ಸಲವೂ ಪೊರೆ ಉಜ್ಜಿಹೋಗುತ್ತದೆ, ಗಡಿಯಾರ ಓಡುತ್ತಿರುತ್ತದೆ.

ಇದನ್ನು ಓದುವಾಗ ನನಗೆ ನೆನಪಾದದ್ದು ಶ್ರೀರಂಗಪಟ್ಟಣ. 2017ರಲ್ಲಿ ಬೆಂಗಳೂರು–ಮೈಸೂರು ಜೋಡಿ ರೈಲು ಹಳಿಗೆ ಅಡ್ಡ ಬಂದಿದ್ದ ಟಿಪ್ಪು ಕಾಲದ ಶಸ್ತ್ರಾಗಾರವನ್ನು ಒಡೆಯದೆ, ಇಡಿಯಾಗಿ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರಲ್ಲ, ಆಗ ನಾನು ಶಾಲೆಯಲ್ಲಿದ್ದೆ. ಪಾಂಡವಪುರದಿಂದ ಅಪ್ಪನ ಬೈಕಿನಲ್ಲಿ ಕೂತು ನೋಡಲು ಹೋಗಿದ್ದೆ. ಜಾಕ್‌ಗಳ ಮೇಲೆ ಕೂತ ಇಡೀ ಕಟ್ಟಡ! ಅದನ್ನು ಎತ್ತಿದ ಮೇಲೆ ಎಲ್ಲಿಡಲಿ ಎಂದು ಯಾರೂ ಹುಡುಕಲಿಲ್ಲ. ಹೊಸ ತಳಪಾಯ ಮೊದಲೇ ಅಳತೆ ಹಿಡಿದು ಸಿದ್ಧವಾಗಿತ್ತು. ಹಲ್ಲಿಗೆ ಡಿಜಿಟಲ್ ಯೋಜನೆ ಎಂದರೆ ಇದೇ ಕೆಲಸ. ಹಲ್ಲು ಕೀಳುವ ಮೊದಲೇ ಅದರ ತಳಪಾಯ ಮುಗಿದಿರಬೇಕು.

ಹೇಗೆ ಎಂದು ತಂಗಿಯ ವಿಷಯದಲ್ಲಿ ಕಣ್ಣಾರೆ ಕಂಡೆ. ಮೊದಲು ಸಿಬಿಸಿಟಿ ಎಂಬ ಸ್ಕ್ಯಾನ್. ಯಂತ್ರ ತಲೆಯ ಸುತ್ತ ಒಂದು ಸುತ್ತು ತಿರುಗುತ್ತದೆ, ದವಡೆಯ ಮೂರು ಆಯಾಮದ ಚಿತ್ರ ಸಿಗುತ್ತದೆ. ಅದರಲ್ಲಿ ಅವಳ ನಾಲ್ಕು ಬುದ್ಧಿಹಲ್ಲುಗಳೂ ಕಂಡವು. ಇನ್ನೂ ಒಂದೂ ಹೊರಗೆ ಬಂದಿರಲಿಲ್ಲ. ಡಾಕ್ಟರು ಒಂದೊಂದನ್ನೂ ಕಂಪ್ಯೂಟರಿನಲ್ಲೇ ಬಿಡಿಸಿ, ಹಾಳಾದ ಹಲ್ಲಿನ ಜಾಗದಲ್ಲಿ ತಿರುಗಿಸಿ ತಿರುಗಿಸಿ ಇಟ್ಟು ನೋಡಿದರು. ಒಂದರ ಬೇರು ಬಾಗಿತ್ತು, ಕೀಳುವಾಗ ಮುರಿಯಬಹುದು. ಇನ್ನೊಂದು ಅಗಲ ಹೆಚ್ಚು. ಕೆಳಗಿನ ಎಡಗಡೆಯದು ಹೊಂದಿತು. ಬೇರು ಮುಕ್ಕಾಲು ಪಾಲು ಬೆಳೆದು, ತುದಿ ಇನ್ನೂ ತೆರೆದಿತ್ತು. ಅಂಥ ಹಲ್ಲಿಗೆ ಹೊಸ ಜಾಗದಲ್ಲಿ ಮತ್ತೆ ರಕ್ತನಾಳ ಬೆಳೆಯುವ ಅವಕಾಶವಿದೆಯಂತೆ. ತುದಿ ಮುಚ್ಚಿಹೋಗಿದ್ದರೆ ನಾಟಿಯ ನಂತರ ರೂಟ್ ಕೆನಾಲ್ ಮಾಡಬೇಕಾಗುತ್ತದೆ. ದವಡೆಯೊಳಗೆ ಹಾದುಹೋಗುವ ನರ ಎಷ್ಟು ದೂರದಲ್ಲಿದೆ ಎಂಬುದನ್ನೂ ಅಳೆದರು.

ಆಮೇಲೆ ಡಾಕ್ಟರು ಆ ಹಲ್ಲಿನ ಆಕಾರವನ್ನು ಒಂದು ಫೈಲ್ ಮಾಡಿ ಉಳಿಸಿದರು. ಹೆಸರಿನ ಕೊನೆಯಲ್ಲಿ ಎಸ್‌ಟಿಎಲ್ ಎಂದಿತ್ತು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಕೆ.ಆರ್. ಪೇಟೆಯಲ್ಲಿ ನಾವು ಲ್ಯಾಬಿನಲ್ಲಿ ಗೇರ್ ಚಕ್ರ, ಮೊಬೈಲ್ ಸ್ಟ್ಯಾಂಡ್ ಪ್ರಿಂಟ್ ಮಾಡುವುದು ಇದೇ ಫೈಲಿನಿಂದ! ಮೆಕ್ಯಾನಿಕಲ್ ತೆಗೆದುಕೊಂಡಿದ್ದಕ್ಕೆ ಮನೆಯಲ್ಲಿ ಇವತ್ತಿಗೂ ಗೊಣಗುವವರಿದ್ದಾರೆ. ಅವತ್ತು ಮಾತ್ರ ನನಗೆ ಎದೆ ಉಬ್ಬಿತು. "ಸರ್, ಇದನ್ನ ನಮ್ಮ ಕಾಲೇಜಲ್ಲೇ ಪ್ರಿಂಟ್ ಮಾಡಿಕೊಡ್ತೀನಿ" ಎಂದೆ. ಅವರು ನಕ್ಕು, "ಯಾವ ಪ್ಲಾಸ್ಟಿಕ್ಕಮ್ಮ ನಿಮ್ಮದು?" ಎಂದರು. ಪಿಎಲ್‌ಎ ಎಂದೆ. "ಆಟೋಕ್ಲೇವ್ 121 ಡಿಗ್ರಿ ಇರುತ್ತೆ. ನಿಮ್ಮ ಪ್ಲಾಸ್ಟಿಕ್ಕು?"

ಅರವತ್ತು ಡಿಗ್ರಿ ದಾಟಿದರೆ ಪಿಎಲ್‌ಎ ಮೆತ್ತಗಾಗುತ್ತದೆ. ಮೆಟೀರಿಯಲ್ ಸೈನ್ಸ್ ಪೇಪರಿನಲ್ಲಿ ಬರೆದಿದ್ದೆ, ಅಂಕವೂ ಬಂದಿತ್ತು. ಬಾಯಿಯೊಳಗೆ, ರಕ್ತದ ನಡುವೆ ಇಡುವ ವಸ್ತು ಎಂದು ಮಾತ್ರ ಯೋಚಿಸಿರಲಿಲ್ಲ. ದೇಹಕ್ಕೆ ಒಗ್ಗುವ, ಕ್ರಿಮಿಶುದ್ಧಿಯ ಬಿಸಿ ತಡೆಯುವ ಬೇರೆಯೇ ರೆಸಿನ್ ಬೇಕು, ಅದಕ್ಕೆ ತಕ್ಕ ಪ್ರಿಂಟರ್ ಬೇಕು. ಒಂದು ಹಲ್ಲಿಗೆ ಬೇಕಾಗುವ ರೆಸಿನ್ ಕೆಲವೇ ಮಿಲಿಲೀಟರ್.

ಶಸ್ತ್ರಚಿಕಿತ್ಸೆಯ ದಿನ ಆ ಪ್ರಿಂಟ್ ಆದ ನಕಲಿ ಹಲ್ಲನ್ನೇ ಗುಳಿಯಲ್ಲಿ ಇಟ್ಟು, ತೆಗೆದು, ಕೊರೆದು, ಮತ್ತೆ ಇಟ್ಟು ಹೊಂದಿಸಿದ್ದಾರೆ. ನಕಲಿಗೆ ಒಣಗುವ ಭಯವಿಲ್ಲ. ಅದು ಸರಿಯಾಗಿ ಕೂತ ಮೇಲಷ್ಟೇ ನಿಜವಾದ ಬುದ್ಧಿಹಲ್ಲನ್ನು ಹೊರತೆಗೆದು ನೇರವಾಗಿ ಹೊಸ ಜಾಗಕ್ಕೆ ಇಟ್ಟದ್ದು. ಹೊರಗಡೆ ಇದ್ದದ್ದು ಮೂರು ನಿಮಿಷಕ್ಕೂ ಕಡಿಮೆ ಎಂದರು ಡಾಕ್ಟರು. ಮೇಲೆ ದಾರದ ಹೊಲಿಗೆ, ಎರಡು ವಾರ ಗಂಜಿ.

ಈ ಹಲ್ಲು ನಾಟಿ ಹೊಸದೇನಲ್ಲ. ಹದಿನೆಂಟನೇ ಶತಮಾನದಲ್ಲಿ ಲಂಡನ್ನಿನ ಜಾನ್ ಹಂಟರ್ ಮನುಷ್ಯನ ಹಲ್ಲನ್ನು ಹುಂಜದ ಜುಟ್ಟಿನಲ್ಲಿ ನೆಟ್ಟು ಪರೀಕ್ಷಿಸಿದ್ದ. ಅಂದಿನ ಶ್ರೀಮಂತರು ಬಡವರ ಹಲ್ಲು ಕೊಂಡು ತಮ್ಮ ಬಾಯಲ್ಲಿ ನೆಡಿಸಿಕೊಳ್ಳುತ್ತಿದ್ದರು, ಜೊತೆಗೆ ರೋಗವೂ ಬರುತ್ತಿತ್ತು. ಸ್ವಂತ ಹಲ್ಲಿನ ನಾಟಿಯನ್ನು ಕ್ರಮಬದ್ಧವಾಗಿ ಬೆಳೆಸಿದವರು ನಾರ್ವೆ, ಡೆನ್ಮಾರ್ಕ್‌ನ ವೈದ್ಯರು. ಡೆನ್ಮಾರ್ಕ್‌ನ ಆಂಡ್ರಿಯಾಸನ್ ಮತ್ತು ಸಂಗಡಿಗರು ಹೀಗೆ ನೆಟ್ಟ 370 ಹಲ್ಲುಗಳನ್ನು ವರ್ಷಗಟ್ಟಲೆ ಗಮನಿಸಿ 1990ರಲ್ಲಿ ವರದಿ ಪ್ರಕಟಿಸಿದರು. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಹಲ್ಲುಗಳು ಉಳಿದಿದ್ದವು.

ಗಮನಿಸಿ, ಅಲ್ಲಿ ತ್ರೀಡಿ ಪ್ರಿಂಟರ್ ಇರಲಿಲ್ಲ. ಹಾಗಾದರೆ ಈ ಕಂಪ್ಯೂಟರ್ ಯಾಕೆ ಬೇಕು ಎಂದು ನೀವು ಕೇಳಬಹುದು, ನನ್ನ ರೂಮ್‌ಮೇಟ್ ಕೇಳಿಯೇ ಕೇಳಿದಳು. ನನ್ನ ಅಭಿಪ್ರಾಯ ಇರುವುದು ಈ ಪ್ರಶ್ನೆಯ ಉತ್ತರದಲ್ಲೇ. ನೂರಾರು ಹಲ್ಲು ನೆಟ್ಟು ಪಳಗಿದ ಕೈಗೆ ಕಂಪ್ಯೂಟರ್ ಇಲ್ಲದೆಯೂ ನಡೆದೀತು. ಆದರೆ ಅಂಥ ಕೈ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಯಾವಾಗ ಬರುತ್ತದೆ? ಡಿಜಿಟಲ್ ಯೋಜನೆ ಆ ಪಳಗಿಕೆಯ ಒಂದು ಭಾಗವನ್ನು ಕೈಯಿಂದ ತೆಗೆದು ಫೈಲಿಗೆ ಹಾಕುತ್ತದೆ. ಫೈಲು ಎಲ್ಲಿ ಬೇಕಾದರೂ ತಯಾರಾಗಬಹುದು. 2001ರಲ್ಲಿ ದಕ್ಷಿಣ ಕೊರಿಯಾದ ವೈದ್ಯರು ಕಂಪ್ಯೂಟರಿನಲ್ಲಿ ಮಾಡಿದ ನಕಲಿ ಹಲ್ಲನ್ನು ಮೊದಲೇ ತಯಾರಿಸಿಕೊಂಡು ನಾಟಿ ಮಾಡಿ ಪತ್ರಿಕೆಯಲ್ಲಿ ಪ್ರಕಟಿಸಿದಾಗ ನಾನಿನ್ನೂ ಹುಟ್ಟಿರಲಿಲ್ಲ. ಆಗ ಅದಕ್ಕೆ ಬೇಕಿದ್ದ ಯಂತ್ರಗಳು ದೊಡ್ಡ ಸಂಸ್ಥೆಗಳಲ್ಲಷ್ಟೇ ಇದ್ದವು. ಈಗ ಸ್ಕ್ಯಾನಿನಿಂದ ಹಲ್ಲು ಬಿಡಿಸುವ ತ್ರೀಡಿ ಸ್ಲೈಸರ್, ಬ್ರೆಜಿಲಿನಲ್ಲಿ ಹುಟ್ಟಿದ ಇನ್‌ವೆಸಾಲಿಯಸ್ ಎಂಬ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ನನ್ನ ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತವೆ, ಫ್ಯಾನ್ ಮಾತ್ರ ಹಿಟ್ಟಿನ ಗಿರಣಿ ಥರ ಸದ್ದು ಮಾಡುತ್ತದೆ.

ಓಡುತ್ತವೆ ಎಂದು ಹೇಗೆ ಗೊತ್ತೆಂದರೆ, ತಂಗಿಯ ಸ್ಕ್ಯಾನನ್ನು ಕೇಳಿ ಪಡೆದು, ಕೇವಲ ಅಭ್ಯಾಸಕ್ಕೆಂದು, ನಾನೂ ಆ ಹಲ್ಲನ್ನು ಬಿಡಿಸಿದೆ. ನಾಲ್ಕು ಸಂಜೆ ಹಿಡಿಯಿತು. ಹಲ್ಲಿನ ಮೇಲ್ಭಾಗ ಬೆಳ್ಳಗಿರುವುದರಿಂದ ಸಲೀಸಾಗಿ ಬರುತ್ತದೆ. ಬೇರಿಗೂ ಸುತ್ತಲಿನ ಮೂಳೆಗೂ ಚಿತ್ರದಲ್ಲಿ ಬೂದುಬಣ್ಣ ಹೆಚ್ಚುಕಡಿಮೆ ಒಂದೇ. ಬೇರು ಎಲ್ಲಿ ಮುಗಿಯಿತು, ಮೂಳೆ ಎಲ್ಲಿ ಶುರುವಾಯಿತು ಎಂದು ಪದರ ಪದರವಾಗಿ ಕೈಯಲ್ಲೇ ಗೆರೆ ಎಳೆಯಬೇಕು. ಮುಗಿಸಿ, ಡಾಕ್ಟರ ಫೈಲಿನ ಮೇಲೆ ನನ್ನದನ್ನು ಇಟ್ಟು ಹೋಲಿಸಿದೆ. ಬೇರಿನ ತುದಿಯ ಹತ್ತಿರ ನನ್ನದು ಅರ್ಧ ಮಿಲಿಮೀಟರ್ ದಪ್ಪ. ನಮ್ಮ ಲ್ಯಾಬಿನಲ್ಲಿ ಅರ್ಧ ಮಿಲಿಮೀಟರ್ ಎಂದರೆ ಅರದಿಂದ ಎರಡು ಸಲ ಉಜ್ಜಿದರೆ ಮುಗಿಯಿತು. ಇಲ್ಲಿ ಅದು ಪೊರೆಯ ದಪ್ಪಕ್ಕಿಂತ ಎರಡು ಪಟ್ಟು ಹೆಚ್ಚು. ನನ್ನ ಫೈಲನ್ನು ನಂಬಿ ಕೊರೆದಿದ್ದರೆ ತಂಗಿಯ ಹಲ್ಲು ಗುಳಿಯಲ್ಲಿ ಅಲುಗಾಡುತ್ತಿತ್ತು. ಅವತ್ತು ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ, ನಿಜ ಹೇಳಬೇಕೆಂದರೆ.

ಹಾಗಾಗಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೈಗೆ ಎಲ್ಲರ ಹಲ್ಲು ಕೊಡಿ ಎಂದು ನಾನು ಹೇಳುತ್ತಿಲ್ಲ. ಯೋಜನೆಗೆ ಸಹಿ ಹಾಕಬೇಕಾದವರು ವೈದ್ಯರೇ, ಹೊಣೆಯೂ ಅವರದೇ. ಆದರೆ ನಾಲ್ಕು ಸಂಜೆಯ ಆ ಗೆರೆ ಎಳೆಯುವ ಕೆಲಸವನ್ನೂ ಅವರೇ ಕೂತು ಮಾಡಬೇಕಾಗಿಲ್ಲ. ಕಲಿಸಿದರೆ ನಾವು ಮಾಡಬಹುದು, ಅವರು ತಿದ್ದಬಹುದು. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿದೆ, ಅಲ್ಲೇ ಎಂಜಿನಿಯರಿಂಗ್ ಕಾಲೇಜೂ ಇದೆ. ಕೆ.ಆರ್. ಪೇಟೆಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ, ತಾಲ್ಲೂಕು ಆಸ್ಪತ್ರೆಯಿದೆ. ಮೈಸೂರಿನಲ್ಲಿ ದಂತ ಕಾಲೇಜುಗಳಿವೆ, ನಮ್ಮ ಯಾವ ಊರಿನಿಂದ ಹೊರಟರೂ ಬೆಳಿಗ್ಗೆಯ ಬಸ್ಸಿಗೆ ಹೋಗಿ ಸಂಜೆಗೆ ಬರಬಹುದು. ಇಷ್ಟೆಲ್ಲ ಇದ್ದೂ ಒಂದಕ್ಕೊಂದು ಮಾತಿಲ್ಲ. ಜಿಲ್ಲೆಗೆ ಒಂದು ಯೋಜನಾ ಕೇಂದ್ರ ಸಾಕು: ಒಬ್ಬ ದಂತವೈದ್ಯ, ಒಂದು ರೆಸಿನ್ ಪ್ರಿಂಟರ್, ತರಬೇತಿ ಪಡೆದ ಇಬ್ಬರು ಮೂವರು. ತಾಲ್ಲೂಕು ಆಸ್ಪತ್ರೆಯ ದಂತವೈದ್ಯರು ಇಂಥ ರೋಗಿ ಬಂದರೆ ಅಲ್ಲಿಗೆ ಸ್ಕ್ಯಾನ್ ಕಳಿಸಲಿ. ಕಳಿಸುವ ಮುನ್ನ ಫೈಲಿನೊಳಗಿರುವ ಹೆಸರು, ವಯಸ್ಸು ಅಳಿಸಲಿ. ಈ ವಿವರ ಚಿತ್ರದ ಜೊತೆಗೇ ಅಂಟಿಕೊಂಡು ಬರುತ್ತದೆ ಎಂದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಸರ್ಕಾರಕ್ಕೆ ಹಲ್ಲು ಹೊಸ ವಿಷಯವೂ ಅಲ್ಲ. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡುವ ದಂತಭಾಗ್ಯ ಯೋಜನೆ ತಂದದ್ದು ನಮ್ಮ ರಾಜ್ಯವೇ. ಒಳ್ಳೆಯದೇ. ಆದರೆ ಎಲ್ಲ ಉದುರಿದ ಮೇಲೆ ಕಟ್ಟಿಸಿಕೊಡುವ ಜೊತೆಗೆ, ಹದಿನೇಳರಲ್ಲಿ ಮೊದಲನೆಯದು ಹೋಗುವಾಗಲೇ ಒಂದು ದಾರಿ ಇರಬೇಡವೇ?

ಇದರ ಬಗ್ಗೆ ಅತಿಯಾಸೆಯನ್ನೂ ಹುಟ್ಟಿಸಬಾರದು. ಎಲ್ಲರಿಗೂ ಇದು ಆಗುವುದಿಲ್ಲ. ಬುದ್ಧಿಹಲ್ಲೇ ಇಲ್ಲದವರಿದ್ದಾರೆ, ಇದ್ದರೂ ಬೇರು ಕವಲೊಡೆದು ಕೊಂಡಿಯಾಗಿರುವವರಿದ್ದಾರೆ, ಗುಳಿಗೆ ಮೂಳೆ ಸಾಲದವರಿದ್ದಾರೆ. ಸಿಬಿಸಿಟಿಯಲ್ಲಿ ಸಾಮಾನ್ಯ ಹಲ್ಲಿನ ಎಕ್ಸ್‌ರೇಗಿಂತ ಹೆಚ್ಚು ವಿಕಿರಣ ತಗಲುತ್ತದೆ, ಸುಮ್ಮಸುಮ್ಮನೆ ಮಾಡಿಸುವಂಥದ್ದಲ್ಲ. ಚೆನ್ನಾಗಿ ಯೋಜಿಸಿದ ಹಲ್ಲೂ ಕೆಲವೊಮ್ಮೆ ನಿಲ್ಲುವುದಿಲ್ಲ. ಎಲ್ಲಕ್ಕಿಂತ ಮೊದಲು, ಉಳಿಸಬಹುದಾದ ಹಲ್ಲನ್ನು ಉಳಿಸಿಕೊಳ್ಳುವುದೇ ಮೇಲು. ಆಲೆಮನೆಯ ಬಿಸಿ ಬೆಲ್ಲ ತಿಂದು ಬೆಳೆದ ನಾವು ರಾತ್ರಿ ಹಲ್ಲುಜ್ಜದೆ ಮಲಗಿದ್ದಕ್ಕೆ ಯಾವ ತಂತ್ರಾಂಶವೂ ಪರಿಹಾರವಲ್ಲ.

ಪ್ಲೇಸ್‌ಮೆಂಟ್ ಸೆಲ್ಲಿನ ಬಾಗಿಲಲ್ಲಿ ನಿಂತಿರುವ ಗೆಳೆಯ ಗೆಳತಿಯರಿಗೆ ಇನ್ನೊಂದು ಮಾತು. ಕೋರ್ ಬ್ರಾಂಚಿನವರಿಗೆ ಕೆಲಸವಿಲ್ಲ ಎಂದು ನಾವೇ ಹೇಳಿಕೊಂಡು ಓಡಾಡುತ್ತೇವೆ. ಕ್ಲಿಪ್ಪಿನ ಬದಲಿಗೆ ಹಾಕುವ ಪಾರದರ್ಶಕ ಅಲೈನರ್‌ಗಳು, ಹಲ್ಲಿನ ಕ್ಯಾಪ್, ಇಂಪ್ಲಾಂಟ್ ಕೂರಿಸುವ ಗೈಡ್ ಎಲ್ಲವೂ ಈಗ ಕಂಪ್ಯೂಟರಿನಲ್ಲಿ ವಿನ್ಯಾಸಗೊಂಡು ಪ್ರಿಂಟ್ ಆಗುತ್ತಿವೆ. ಅದು ಕ್ಯಾಡ್ ಕಲಿತವರ ಕೆಲಸ. ಬಾಯಿಯ ರಚನೆ ಓದಿಕೊಳ್ಳಬೇಕು, ಅಷ್ಟೇ. ಫೈನಲ್ ಇಯರ್ ಪ್ರಾಜೆಕ್ಟಿಗೆ ಪ್ರತಿ ವರ್ಷ ಅದೇ ಸೋಲಾರ್ ಸ್ಪ್ರೇಯರ್, ಅದೇ ಕಬ್ಬು ಕತ್ತರಿಸುವ ಯಂತ್ರ ಮಾಡುವ ಬದಲು ಒಮ್ಮೆ ಹತ್ತಿರದ ಆಸ್ಪತ್ರೆಗೆ ಹೋಗಿ, ನಿಮಗೆ ಏನು ಅಳೆಯಲು ಕಷ್ಟವಾಗುತ್ತಿದೆ ಎಂದು ಕೇಳಿ ನೋಡಿ. ನಾನು ನನ್ನ ಗೈಡ್ ಸರ್ ಬಳಿ ಈ ವಿಷಯ ಪ್ರಸ್ತಾಪಿಸಿದ್ದೇನೆ. ಹಲ್ಲನ್ನು ಮೂಳೆಯಿಂದ ಬಿಡಿಸುವಾಗ ಆಗುವ ತಪ್ಪನ್ನು ಅಳೆಯುವುದು, ಅಂದರೆ ನನ್ನದೇ ಆ ಅರ್ಧ ಮಿಲಿಮೀಟರ್. "ದಂತವೈದ್ಯರೊಬ್ಬರು ಜೊತೆಗಿದ್ದರೆ ನೋಡೋಣ" ಎಂದಿದ್ದಾರೆ. ಹುಡುಕುತ್ತಿದ್ದೇನೆ.

ಹಾಗೆಯೇ, ನಿಮ್ಮಲ್ಲಿ ಯಾರಿಗಾದರೂ ದವಡೆಹಲ್ಲು ಹಾಳಾಗಿ, ಕೀಳಲೇಬೇಕು ಎಂದಾಗಿದ್ದರೆ, ಬುದ್ಧಿಹಲ್ಲನ್ನೂ ಜೊತೆಗೇ ತೆಗೆಯೋಣ ಎಂದರೆ, ಕುರ್ಚಿಯಲ್ಲಿ ಒರಗುವ ಮುಂಚೆ ಒಂದೇ ಪ್ರಶ್ನೆ ಕೇಳಿ: "ಡಾಕ್ಟ್ರೇ, ಇದನ್ನ ಅಲ್ಲಿ ನೆಡೋಕಾಗುತ್ತಾ?" ಆಗಲ್ಲ ಎಂದರೂ ನಷ್ಟವಿಲ್ಲ. ನಾನು ಕೇಳದೆ ಉಳಿದದ್ದು ಇಷ್ಟೇ ಉದ್ದದ ಪ್ರಶ್ನೆ.

ತಂಗಿಯ ಹಲ್ಲಿಗೆ ಈಗ ಏಳು ತಿಂಗಳು. ಕಳೆದ ಸಲದ ಎಕ್ಸ್‌ರೇಯಲ್ಲಿ ಬೇರಿನ ಸುತ್ತ ತೆಳುವಾದ ಕಪ್ಪು ಗೆರೆ ಕಂಡಿತು. ಪೊರೆ ಉಳಿದಿರುವುದರ ಗುರುತು ಅದು ಎಂದರು ಡಾಕ್ಟರು. ಬೇರಿನ ತುದಿ ಇನ್ನೂ ಮುಚ್ಚಿಲ್ಲ, ಕಾಯಬೇಕು. ಚಿಕ್ಕಪ್ಪ ಮಾತ್ರ ಈಗ ಊರಲ್ಲಿ ಸಿಕ್ಕಿದವರಿಗೆಲ್ಲ ಮಗಳ ಬಾಯಿ ತೆರೆಸಿ ತೋರಿಸುತ್ತಾರಂತೆ. ಅವಳು ನನಗೆ ಫೋನ್ ಮಾಡಿ, "ಅಕ್ಕ, ನೀನೇ ಅಪ್ಪಂಗೆ ಹೇಳು, ನಾನೇನ್ ಸಂತೆ ಹಸುವಾ?" ಎಂದು ಬೈದಳು. ಕಬ್ಬು ಕಚ್ಚಲು ಡಾಕ್ಟರು ಇನ್ನೂ ಬಿಟ್ಟಿಲ್ಲ. ಮುಂದಿನ ತಿಂಗಳು ಮತ್ತೆ ಮೈಸೂರಿಗೆ ಹೋಗಬೇಕು.